ಎಲ್ಲ ಹಕ್ಕಿಗಳನ್ನು ಕಾಯ್ದಿರಿಸಲಾಗಿದೆ

ಶುಕ್ರವಾರ ಜುಮಾ ಮುಗಿಸಿ, ಊಟ ಮುಗಿಸಿ
ಗುದೈಬಿಯಾದ ನನ್ನ ಹೊಲಿಗೆ ಅಂಗಡಿಗೆ ಬರುತ್ತಾರೆ,
ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲಿಕ್ಕಲ್ಲ,
ಆನ್‌ಲೈನಿನಲ್ಲಿ ತರಿಸಿದ ಸಿನಿಮಾ ಡಿಸ್ಕು ತೋರಿಸಲಿಕ್ಕೆ.
ಹಮ್ಮಬ್ಬಾಕ, ಒಮ್ಮೆ ನೋಡಿ, ಅಸಲಿಯಾ?

ಕನ್ನಡಕ ಹಣೆಗೇರಿಸುತ್ತೇನೆ.
ಮೊದಲು ಬೆನ್ನು ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿ:
ಬೆಳ್ಳಿ ಹೊಳಪಾದರೆ ಕಾರ್ಖಾನೆಯ ಅಚ್ಚು,
ನೇರಳೆ ಮಿಂಚಿದರೆ ಯಾರದೋ ಮನೆಯಲ್ಲಿ ಸುಟ್ಟದ್ದು.
ನಡುವಿನ ತೂತಿನ ಸುತ್ತ
ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಅಂಕೆ ಇರಬೇಕು,
ಇಲ್ಲವೆಂದರೆ ಅಪ್ಪ ಅಮ್ಮ ಯಾರೆಂದು ತಿಳಿಯದ ಮಾಲು.
ಹೊದಿಕೆಯ ಮೇಲೆ ನಾಯಕನಿಗೆ ಕಾಮಾಲೆ ಬಂದಿದ್ದರೆ
ಅದು ಜೆರಾಕ್ಸಿನ ಜೆರಾಕ್ಸು.
ಕೊನೆಗೆ ಒತ್ತಕ್ಷರ.
ಕನ್ನಡ ಬಾರದವನು ಟೈಪು ಮಾಡಿದರೆ
ಒತ್ತು ಕೆಳಗೆ ಇಳಿಯುವುದೇ ಇಲ್ಲ,
ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ
ಪಕ್ಕದಲ್ಲಿ ನಿಂತೇ ಇರುತ್ತದೆ.

ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ.
ದರ್ಜಿಯ ಕಣ್ಣಲ್ಲವಾ, ಅನ್ನುತ್ತಾರೆ.
ನಾನೂ ಹೂಂ ಅನ್ನುತ್ತೇನೆ.

ಮೊನ್ನೆ ಬಂದವನು ರೇವಣಸಿದ್ಧ,
ಸಿತ್ರಾದಲ್ಲಿ ಕ್ರೇನು ಓಡಿಸುವವನು, ಸೇಡಂ ಕಡೆಯವ.
ಗುಳ್ಳೆ ಪ್ಲಾಸ್ಟಿಕ್ಕು ಬಿಚ್ಚದ ಪೊಟ್ಟಣ
ಕೈಗೂಸಿನ ಹಾಗೆ ಎದೆಗೆ ಆನಿಸಿಕೊಂಡಿದ್ದ.
"ಹನ್ನೆರಡು ದಿನಾರ್ ಕೊಟ್ಟೀನ್ರಿ ಕಾಕಾ.
ಇನ್ನ ಎಲ್ಲೂ ಸಿಗಂಗಿಲ್ಲ, ಇದೊಂದೇ ಉಳದದ ಅಂದಾನ.
ಇದರಾಗ ನಮ್ಮಪ್ಪ ಅದಾನ."
ನಟನಾ?
"ಅಲ್ರೀ, ಜನರೇಟರ್ ನಡಸ್ತಿದ್ದ.
ಕಡೀಕೆ ಹೆಸರು ಬರ್ತಾವಲ್ಲ,
ಮಂದಿ ಎದ್ದು ಹೋಗೂ ಹೊತ್ತಿಗೆ, ಅಲ್ಲಿ.
ಮಗಳಿಗೆ ತೋರಸ್ಬೇಕು. ಆಕಿ ಅಜ್ಜನ್ನ ನೋಡಿಲ್ಲ."

ಬೆನ್ನು ತಿರುಗಿಸಿ ಹೊಳಪು ನೋಡಬೇಕಾಗಲಿಲ್ಲ.
ಪ್ಲಾಸ್ಟಿಕ್ಕಿನ ಗುಳ್ಳೆಗಳ ಹಿಂದೆ, ಹೊದಿಕೆಯ ಕೆಳತುದಿಯಲ್ಲಿ
ಒಂದು ಸಾಲು:
ಎಲ್ಲ ಹಕ್ಕಿಗಳನ್ನು ಕಾಯ್ದಿರಿಸಲಾಗಿದೆ.

ಹಕ್ಕುಗಳಲ್ಲ. ಹಕ್ಕಿಗಳು.

ಆ ಹಕ್ಕಿಗಳನ್ನು ನಾನು ಬಲ್ಲೆ.
ಇಪ್ಪತ್ತೊಂದು ವರ್ಷದ ಹಿಂದೆ
ಬಾಬ್ ಅಲ್ ಬಹ್ರೈನ್ ಹಿಂದಿನ ಗಲ್ಲಿಯಲ್ಲಿ,
ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ,
ಏಸಿ ಕೆಟ್ಟ ಆಗಸ್ಟಿನ ಒಂದು ರಾತ್ರಿ
ಬೆವರಿದ ಬೆರಳು ಜಾರಿ ಹುಟ್ಟಿದವು.
ಬೆಳಿಗ್ಗೆ ಕಂಡಿತು. ಮುನ್ನೂರು ಹೊದಿಕೆ ಆಗಲೇ ಅಚ್ಚಾಗಿತ್ತು.
ಯಾರು ಓದುತ್ತಾರೆ, ಅಂದೆ.
ಐನೂರು ಫಿಲ್ಸಿಗೊಂದರಂತೆ ಹಾರಿಸಿಬಿಟ್ಟೆ,
ರಿಫಾದ ಕ್ಯಾಂಪುಗಳಿಗೆ, ಮುಹರ್ರಕ್ಕಿನ ದೋಣಿಯವರಿಗೆ,
ಸೇತುವೆ ದಾಟಿ ದಮ್ಮಾಮಿಗೆ ಹೋಗುವ ಲಾರಿಗಳಿಗೆ.
ಆಮೇಲೆ ತಪಾಸಣೆಯವರು ಬಂದರು. ದಂಡ ಕಟ್ಟಿದೆ.
ಡಿಸ್ಕು ಬಿಟ್ಟು ಕತ್ತರಿ ಹಿಡಿದೆ.

ಕತ್ತರಿ ಮೊದಲೂ ಹಿಡಿದಿದ್ದೆ, ಅದನ್ನೂ ಹೇಳಬೇಕು.
ಎರಡು ಡಿಸ್ಕಿನ ಚಿತ್ರ ಒಂದರಲ್ಲಿ ಹಿಡಿಯಲಿಲ್ಲವೆಂದು
ಕೊನೆಯ ಮೂರು ನಿಮಿಷ ನಾನೇ ಕತ್ತರಿಸಿದೆ.
ಬರೀ ಹೆಸರುಗಳು, ಹೋದರೆ ಹೋಗಲಿ.
ಕಪ್ಪು ಪರದೆಯಲ್ಲಿ ಕೆಳಗಿಂದ ಏರುತ್ತಿದ್ದವು,
ಬಡಗಿಗಳು, ಅಡುಗೆಯವರು, ಟ್ರಾಲಿ ತಳ್ಳಿದವರು,
ಆಮೇಲಿನದನ್ನು ನಾನು ಓದಿರಲಿಲ್ಲ.

ಕೂತುಕೋ, ಅಂದೆ. ಎರಡು ಕರಕ್ ತರಿಸಿದೆ.
ನಕಲಿ, ಅಂದೆ. ದುಡ್ಡು ವಾಪಸ್ ಕೇಳು.
ಹಾಕಿ ನೋಡಲಿಕ್ಕೂ ಹೋಗಬೇಡ,
ಕೊನೆಯ ಮೂರು ನಿಮಿಷ ಇದರಲ್ಲಿ ಇಲ್ಲ.

ಅವನು ಲೋಟ ಕೆಳಗಿಟ್ಟ.
ಪೊಟ್ಟಣ ನಮ್ಮಿಬ್ಬರ ನಡುವೆ, ಇಸ್ತ್ರಿ ಮೇಜಿನ ಮೇಲೆ,
ಒಂದು ಗುಳ್ಳೆಯೂ ಒಡೆಯದೆ ಹಾಗೇ ಇತ್ತು.

"ಹಾಕ್ಲಾರ್ದೆ ನಿಮಗ ಹ್ಯಾಂಗ ಗೊತ್ತಾಯ್ತ್ರಿ ಕಾಕಾ?"

ಹೊರಗೆ ಅಸರಿನ ಬಾಂಗು ಶುರುವಾಯಿತು.
ಅದು ಮುಗಿಯುವವರೆಗೆ ಮಾತಾಡಬಾರದಲ್ಲ.
ಅಷ್ಟು ಸಮಯ ನನಗಿತ್ತು.